ಯಜಮಾನರ ಕುರ್ಚಿ ಮುಂದೆ ಯಾರಿಗೆ? ಕಂಪನಿಯ ಮುಂದಾಳತ್ವ ಕೈ ಬದಲಿಸುವ ಸಮಗ್ರ ಮಾರ್ಗದರ್ಶಿ

ಅವತ್ತು ತಿಂಗಳ 6ನೇ ತಾರೀಖು. ಮರುದಿನ ಸಂಬಳ ಹಾಕಬೇಕಿತ್ತು. ಪೀಣ್ಯ ಎರಡನೇ ಹಂತದ ಒಂದು ಕಂಪನಿಯಲ್ಲಿ ನಾನು ಆಗ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಯಜಮಾನರ ಮನೆಯಿಂದ ಫೋನ್ ಬಂತು. ರಾತ್ರಿ ಸ್ಟ್ರೋಕ್ ಆಗಿದೆ, ಐಸಿಯುನಲ್ಲಿದ್ದಾರೆ ಅಂದರು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅವರ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರ್. ಅದರಲ್ಲಿ ವಾಚು, ಉಂಗುರ, ಕನ್ನಡಕ, ಫೋನು. ಪ್ರತಿ ತಿಂಗಳು ನಾವು ಬ್ಯಾಂಕಿನ ಸೈಟಿನಲ್ಲಿ ಸಂಬಳದ ಫೈಲ್ ಹಾಕುತ್ತಿದ್ದೆವು, ಯಜಮಾನರು ಓಟಿಪಿ ಹೇಳುತ್ತಿದ್ದರು. ಅವತ್ತು ಆಫೀಸಿನ ಹುಡುಗ ನನಗೆ ತಿಳಿಸದೆ ಅಭ್ಯಾಸದಂತೆ ಫೈಲ್ ಹಾಕಿಬಿಟ್ಟಿದ್ದ. ಕವರಿನೊಳಗೆ ಫೋನಿನ ಬೆಳಕು ಹತ್ತಿತು. ಅಮ್ಮಾವ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆ ಫೋನಿನ ಲಾಕ್ ಅವರಿಗೂ ಗೊತ್ತಿರಲಿಲ್ಲ.

64 ಜನರ ಸಂಬಳ 11 ದಿನ ತಡವಾಯಿತು. ಬ್ಯಾಂಕಿನಲ್ಲಿ ದುಡ್ಡು ಇತ್ತು. ತೆಗೆಯುವ ಅಧಿಕಾರ ಒಬ್ಬರಿಗೇ ಇತ್ತು, ಅಷ್ಟೇ. ಅಮ್ಮಾವ್ರು ಕಾಗದದ ಮೇಲೆ ಎರಡನೇ ಡೈರೆಕ್ಟರ್. ಆದರೆ ಒಂದು ದಿನವೂ ಬ್ಯಾಂಕಿಗೆ ಹೋದವರಲ್ಲ. ಯಾವ ಪಾರ್ಟಿಗೆ ಏನು ರೇಟು, ಯಾವ ಗಿರಾಕಿಗೆ ಎಷ್ಟು ದಿನ ಸಾಲ, ಇದೆಲ್ಲ ಯಜಮಾನರ ತಲೆಯಲ್ಲಿತ್ತು. ಅವರು ಬದುಕಿದರು. ಆದರೆ ಮತ್ತೆ ಕುರ್ಚಿಗೆ ಬರಲು ಆಗಲಿಲ್ಲ. ಎರಡು ವರ್ಷದಲ್ಲಿ ಮಷೀನುಗಳನ್ನು ಒಂದೊಂದಾಗಿ ಮಾರಿದರು. ಆ ಶೆಡ್ಡಿನ ಮುಂದೆ ಹೋಗುವಾಗ ಈಗಲೂ ಸಂಕಟವಾಗುತ್ತದೆ.

ಬೆಂಗಳೂರಿನಲ್ಲಿ ಇದು ಈಗ ತುರ್ತಿನ ವಿಷಯ. ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್‌ನಲ್ಲಿ ಕೈಕೆಲಸ ಕಲಿತು, ಆಮೇಲೆ ಪೀಣ್ಯದಲ್ಲೋ ರಾಜಾಜಿನಗರದಲ್ಲೋ ಒಂದು ಲೇತ್ ಇಟ್ಟುಕೊಂಡು ಶುರು ಮಾಡಿದ ತಲೆಮಾರು ಇಲ್ಲಿದೆ. ಅವರಲ್ಲಿ ಎಷ್ಟೋ ಜನ ಎಪ್ಪತ್ತರ ಹತ್ತಿರ ಇದ್ದಾರೆ. ಮುಂದೆ ಯಾರು ಅಂತ ಕೇಳಿದರೆ, 'ನೋಡೋಣ, ಇನ್ನೂ ನಾನಿದ್ದೀನಲ್ಲ' ಅನ್ನುತ್ತಾರೆ. ಅವರು ಇರುವಾಗಲೇ ಮಾಡಬೇಕಾದ ಕೆಲಸ ಇದು.

20 ಜನರಿಂದ 300 ಜನರವರೆಗಿನ ಕಂಪನಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳು ಕಾರ್ಖಾನೆಯವು, ಆದರೆ ಕೋರಮಂಗಲದ ಸಾಫ್ಟ್‌ವೇರ್ ಕಂಪನಿಗೂ ದಾರಿ ಇದೇ. ಪೂರ್ತಿ ಮುಗಿಯಲು ಮೂರು ವರ್ಷವಾದರೂ ಬೇಕು. ಮೊದಲ ಹೆಜ್ಜೆಗೆ ಮಾತ್ರ ಒಂದು ತಿಂಗಳು ಸಾಕು. ಅದನ್ನು ಈ ತಿಂಗಳೇ ಮಾಡಿ.

ಹೆಜ್ಜೆ 1: ನಾಳೆ ಬೆಳಿಗ್ಗೆಗೆ ಒಂದು ಕವರ್

ಮುಂದಿನ ಎಂಡಿ (ಮ್ಯಾನೇಜಿಂಗ್ ಡೈರೆಕ್ಟರ್) ಯಾರು ಅನ್ನುವುದು ಆಮೇಲಿನ ಮಾತು. ಮೊದಲ ಪ್ರಶ್ನೆ ಇದು: ನಾಳೆ ಬೆಳಿಗ್ಗೆ ಯಜಮಾನರು ಬರದಿದ್ದರೆ ಒಂದು ತಿಂಗಳು ಕಂಪನಿ ನಡೆಯುತ್ತದಾ? ಮಗ ಸಿದ್ಧನಾಗಲಿ, ಆಮೇಲೆ ಎಲ್ಲಾ ಒಟ್ಟಿಗೆ ಮಾಡೋಣ ಅಂತ ಕಾಯುವವರು ಜಾಸ್ತಿ. ಕಾಯಬೇಡಿ.

ಬ್ಯಾಂಕಿನಿಂದ ಶುರು ಮಾಡಿ. ಖಾತೆ ನಡೆಸುವ ಅಧಿಕಾರ ಒಬ್ಬರಿಗೇ ಇದ್ದರೆ ಬೋರ್ಡ್ ಮೀಟಿಂಗ್ ಕರೆದು ನಿರ್ಣಯ ಮಾಡಿ. ಕನಿಷ್ಠ ಮೂರು ಜನರ ಹೆಸರು ಕೊಟ್ಟು, ಅವರಲ್ಲಿ ಯಾರಾದರೂ ಇಬ್ಬರು ಸಹಿ ಮಾಡಿದರೆ ಸಾಕು ಅನ್ನುವ ವ್ಯವಸ್ಥೆ ಒಳ್ಳೆಯದು. ಒಂದು ಮೊತ್ತದವರೆಗೆ ಮಾತ್ರ ಅಂತ ಮಿತಿಯನ್ನೂ ಹಾಕಬಹುದು. ಒಬ್ಬೊಬ್ಬರಿಗೂ ಅವರದೇ ಲಾಗಿನ್, ಅವರದೇ ಫೋನಿಗೆ ಓಟಿಪಿ ಇರಲಿ. ನಾವು ಮಾಡುತ್ತಿದ್ದ ಹಾಗೆ ಒಬ್ಬರ ಓಟಿಪಿ ಕೇಳಿ ಇನ್ನೊಬ್ಬರು ಹಾಕುವುದು ತಪ್ಪು ಅಭ್ಯಾಸ. ಎಲ್ಲಾ ಸರಿಯಿದ್ದಾಗ ಅನುಕೂಲ ಅನಿಸುತ್ತದೆ. ಕೆಟ್ಟ ದಿನ ಬಂದಾಗ ಅದೇ ಕೈ ಕಟ್ಟುತ್ತದೆ.

ಆಮೇಲೆ ಸರ್ಕಾರದ ಪೋರ್ಟಲ್‌ಗಳು. ಜಿಎಸ್‌ಟಿಯಲ್ಲಿ ಒಬ್ಬರಿಗಿಂತ ಹೆಚ್ಚು ಅಧಿಕೃತ ಸಹಿದಾರರನ್ನು ಸೇರಿಸಬಹುದು. ಸೇರಿಸಿ. ಪಿಎಫ್, ಇಎಸ್‌ಐ, ಆದಾಯ ತೆರಿಗೆ, ಟಿಡಿಎಸ್ ಇವುಗಳಲ್ಲಿ ಯಾರ ಮೊಬೈಲ್ ನಂಬರ್ ಇದೆ ಅಂತ ಒಂದೊಂದಾಗಿ ನೋಡಿ. ಕೆಲಸ ಬಿಟ್ಟು ನಾಲ್ಕು ವರ್ಷವಾದ ಅಕೌಂಟೆಂಟ್ ನಂಬರ್ ಇರುವುದನ್ನೂ ನಾನು ನೋಡಿದ್ದೇನೆ. ಆನ್‌ಲೈನ್ ಫಾರಂಗಳಿಗೆ ಹಾಕುವ ಡಿಜಿಟಲ್ ಸಹಿಯ ಟೋಕನ್ (ಪೆನ್ ಡ್ರೈವ್ ಥರದ್ದು) ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಅಂತ ಬರೆದಿಡಿ. ಅದು ಆ ವ್ಯಕ್ತಿಯ ಸ್ವಂತ ಸಹಿ. ಅವರಿಲ್ಲದಾಗ ಇನ್ನೊಬ್ಬರು ಬಳಸುವಂತಿಲ್ಲ. ಹಾಗಾಗಿ ಎರಡನೇ ಡೈರೆಕ್ಟರ್ ಹೆಸರಲ್ಲೂ ಒಂದು ಮಾಡಿಸಿ.

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ 2 ಡೈರೆಕ್ಟರ್ ಬೇಕು. ಎಷ್ಟೋ ಕಡೆ ಗಂಡ, ಹೆಂಡತಿ ಇಬ್ಬರೇ. ಒಬ್ಬರಿಗೆ ಹೆಚ್ಚು ಕಡಿಮೆಯಾದರೆ ಉಳಿಯುವುದು ಒಬ್ಬರು. ಅದೂ ದುಃಖದಲ್ಲಿ ಮುಳುಗಿರುವವರು. ಮೂರನೆಯವರನ್ನು ಈಗಲೇ ತನ್ನಿ. ಹೊಸ ಡೈರೆಕ್ಟರ್ ನೇಮಕವಾದ 30 ದಿನದೊಳಗೆ ಕಂಪನಿಗಳ ರಿಜಿಸ್ಟ್ರಾರ್‌ಗೆ ಡಿಐಆರ್-12 ಅನ್ನುವ ಫಾರಂ ಹಾಕಬೇಕು. ಅದನ್ನು ನಿಮ್ಮ ಆಡಿಟರ್ ಅಥವಾ ಕಂಪನಿ ಸೆಕ್ರೆಟರಿ ಮಾಡಿಕೊಡುತ್ತಾರೆ.

ಇದೆಲ್ಲ ಆದ ಮೇಲೆ ಒಂದು ಕವರ್ ಮಾಡಿ. ಅದರಲ್ಲಿ ಎರಡೇ ಹಾಳೆ ಇರಲಿ. ಯಾರಿಗೆ ಮೊದಲು ಫೋನ್ ಮಾಡಬೇಕು, ಮೊದಲ 30 ದಿನ ತಾತ್ಕಾಲಿಕವಾಗಿ ಯಾರ ಮಾತು ನಡೆಯಬೇಕು, ಯಾವ ಐದು ಗಿರಾಕಿಗಳಿಗೆ ಅದೇ ದಿನ ತಿಳಿಸಬೇಕು, ಸಾಲದ ಕಂತು ಯಾವ ತಾರೀಖು, ಇನ್ಶೂರೆನ್ಸ್ ಪಾಲಿಸಿಗಳು ಎಲ್ಲಿವೆ, ಮೂಲ ಕಾಗದಪತ್ರ ಯಾವ ಲಾಕರಿನಲ್ಲಿವೆ. ಪಾಸ್‌ವರ್ಡುಗಳನ್ನು ಹಾಳೆಯಲ್ಲಿ ಬರೆಯಬೇಡಿ. ಫೋನಿನ ಲಾಕ್ ಮಾತ್ರ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಕವರಿನ ಒಂದು ಪ್ರತಿ ಮನೆಯಲ್ಲಿ, ಒಂದು ಆಡಿಟರ್ ಹತ್ತಿರ.

ಹೆಜ್ಜೆ 2: ಯಜಮಾನರು ದಿನವಿಡೀ ಏನು ಮಾಡುತ್ತಾರೆ, ಬರೆಯಿರಿ

'ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ' ಅನ್ನುತ್ತಾರಲ್ಲ, ಆ ಎಲ್ಲಾ ಅಂದರೆ ಏನು? ಅದು ಅವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ, ಅವರು ತೆಗೆದುಕೊಂಡ ಪ್ರತಿ ತೀರ್ಮಾನ, ಮಾಡಿದ ಪ್ರತಿ ಮುಖ್ಯ ಫೋನ್ ಒಂದೊಂದು ಸಾಲಿನಲ್ಲಿ ಬರೆಯಿರಿ. ಯಜಮಾನರೇ ಬರೆದರೆ ಒಳ್ಳೆಯದು. ಆಗದಿದ್ದರೆ ಪಕ್ಕದಲ್ಲಿ ಕೂರುವ ಯಾರಾದರೂ ಬರೆಯಲಿ.

ಆಮೇಲೆ ಮೂರು ಬಣ್ಣದ ಪೆನ್ನಲ್ಲಿ ಗುರುತು ಹಾಕಿ. ಇಂದೇ ಬೇರೆಯವರಿಗೆ ಕೊಡಬಹುದಾದದ್ದು ಒಂದು ಬಣ್ಣ. ಕಲಿಸಿ ಕೊಡಬೇಕಾದದ್ದು ಇನ್ನೊಂದು. ಅವರ ಮುಖ ನೋಡಿಯೇ ನಡೆಯುವ ಕೆಲಸ ಮೂರನೆಯದು.

ನಾನು ಹೀಗೆ ಜೊತೆ ಕೂತು ಮಾಡಿಸಿದ ಒಂದು ಕಂಪನಿಯಲ್ಲಿ ಯಜಮಾನರಿಗೆ 67 ವರ್ಷ. ಅವರ ನೋಟ್‌ಬುಕ್ಕಿನಲ್ಲಿ ಮೊದಲ ದಿನವೇ ಈ ಸಾಲುಗಳಿದ್ದವು: 'ಕಂಪ್ರೆಸರ್ ಸರ್ವೀಸಿಗೆ ಹ್ಞೂಂ ಅಂದೆ. ಕ್ಯಾಂಟೀನ್ ಅಕ್ಕಿ ಬದಲಾಯಿಸಿದೆ. ಹೊಸೂರಿನ ಗಿರಾಕಿಗೆ ಶಾಫ್ಟ್ ರೇಟು 4 ರೂಪಾಯಿ ಇಳಿಸಿದೆ. ಸ್ಟೀಲ್‌ನವರಿಗೆ ಹದಿನೈದು ದಿನ ತಡೀರಿ ಅಂದೆ.' ಓದಿ ಅವರೇ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು, 'ಅಕ್ಕಿ ವಿಷಯ ನಾನ್ಯಾಕೆ ನೋಡ್ತಾ ಇದೀನಿ?' ಅಲ್ಲಿಂದ ಕೆಲಸ ಶುರುವಾಯಿತು.

ಮೂರನೇ ಬಣ್ಣದ ಸಾಲುಗಳೇ ನಿಮ್ಮ ನಿಜವಾದ ಯೋಜನೆ. ಸ್ಟೀಲ್ ಅಂಗಡಿಯವರು 'ತಡೀರಿ' ಅನ್ನುವ ಒಂದು ಮಾತಿಗೆ ಮಾಲು ಕಳಿಸುತ್ತಾರೆ ಅಂದರೆ, ಅದು ಇಪ್ಪತ್ತು ವರ್ಷ ಕೊಟ್ಟ ಮಾತು ಉಳಿಸಿಕೊಂಡ ಫಲ. ಆ ನಂಬಿಕೆ ಎಂಡಿ ಅನ್ನುವ ಪದವಿಯ ಜೊತೆ ತಾನಾಗಿ ಬರುವುದಿಲ್ಲ. ಅದನ್ನು ಕೈಹಿಡಿದು ದಾಟಿಸಬೇಕು.

ಹೆಜ್ಜೆ 3: ಕುರ್ಚಿ ಬೇರೆ, ಪಾಲು ಬೇರೆ

ಮನೆಮಂದಿಯ ಕಂಪನಿಗಳಲ್ಲಿ ಜಗಳ ಶುರುವಾಗುವುದು ಇಲ್ಲೇ. ಕಂಪನಿ ನಡೆಸುವವರು ಯಾರು ಅನ್ನುವುದು ಒಂದು ಪ್ರಶ್ನೆ. ಷೇರು ಯಾರಿಗೆ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ದಿನ, ಒಂದೇ ಮಾತಿನಲ್ಲಿ ತೀರ್ಮಾನಿಸಲು ಹೋಗಬೇಡಿ. ಮಗಳು ಕಂಪನಿ ನಡೆಸಬಹುದು, ಮಗ ಷೇರುದಾರನಾಗಿ ಲಾಭದ ಪಾಲು ಪಡೆಯಬಹುದು. ಹೊರಗಿನ ಮ್ಯಾನೇಜರ್ ನಡೆಸಬಹುದು, ಮನೆಯವರೆಲ್ಲ ಬೋರ್ಡಿನಲ್ಲಿ ಇರಬಹುದು.

ಷೇರಿನ ವಿಷಯದಲ್ಲಿ ಜನ ತಪ್ಪು ತಿಳಿದಿರುವುದು ಒಂದಿದೆ. ನಾಮಿನಿ ಹೆಸರು ಹಾಕಿದ್ದೇನೆ, ಅವರಿಗೇ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ನಾಮಿನಿ ಷೇರಿನ ಪೂರ್ತಿ ಒಡೆಯರಾಗುವುದಿಲ್ಲ, ವಿಲ್ ಅಥವಾ ಉತ್ತರಾಧಿಕಾರದ ಕಾನೂನು ಹೇಳಿದವರಿಗೆ ಷೇರು ಸೇರಬೇಕು ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಲ್ ಬರೆಯದೆ ಹೋದರೆ, ಹಿಂದೂ ಗಂಡಸಿನ ಸ್ವಂತ ಸಂಪಾದನೆಯ ಷೇರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮವಾಗಿ ಹೋಗುತ್ತದೆ. ಮಗಳಿಗೆ ಮದುವೆಯಾಗಿದೆ ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ಕಂಪನಿ ನಡೆಸುವ ಮಗನ ಕೈಯಲ್ಲಿ ಆಗ ಕಾಲು ಭಾಗವೂ ಇಲ್ಲದೆ ಹೋಗಬಹುದು.

ಹಾಗಾಗಿ ವಿಲ್ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಯಾರಿಗೆ ಎಷ್ಟು, ಯಾಕೆ ಅನ್ನುವುದನ್ನು ಬದುಕಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಕಷ್ಟದ ಮಾತು ಅದು, ಗೊತ್ತು. ಆದರೆ ಅಪ್ಪನ ಬಾಯಿಂದ ಕೇಳಿದ್ದಕ್ಕೂ ವಕೀಲರ ಆಫೀಸಿನಲ್ಲಿ ಓದಿದ್ದಕ್ಕೂ ತುಂಬಾ ವ್ಯತ್ಯಾಸವಿದೆ.

ಪಾರ್ಟ್‌ನರ್‌ಶಿಪ್ ಸಂಸ್ಥೆಯಾಗಿದ್ದರೆ ಪಾಲುದಾರರ ಒಪ್ಪಂದ ಪತ್ರ (ಡೀಡ್) ತೆಗೆದು ಓದಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ ಅನ್ನುತ್ತದೆ 1932ರ ಪಾಲುದಾರಿಕೆ ಕಾಯ್ದೆ. ಇಬ್ಬರೇ ಪಾಲುದಾರರಿದ್ದರೆ ಇನ್ನೂ ತೊಂದರೆ. ಒಬ್ಬರ ಹೆಸರಿನ ಪ್ರೊಪ್ರೈಟರ್‌ಶಿಪ್ ಆದರೆ ವಾರಸುದಾರರು ಜಿಎಸ್‌ಟಿ ನಂಬರನ್ನೇ ಹೊಸದಾಗಿ ಮಾಡಿಸಬೇಕು. ಇವೆರಡರಲ್ಲಿ ಇರುವವರು ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆಗೆ) ಬದಲಾಗುವ ಬಗ್ಗೆ ಆಡಿಟರ್ ಜೊತೆ ಈ ವರ್ಷವೇ ಮಾತಾಡಿ.

ಸಾಲದ ಗ್ಯಾರಂಟಿ ಮರೆಯಬೇಡಿ. ಓವರ್‌ಡ್ರಾಫ್ಟ್, ಟರ್ಮ್ ಲೋನ್ ಎಲ್ಲಕ್ಕೂ ಸಾಮಾನ್ಯವಾಗಿ ಯಜಮಾನರ ಸ್ವಂತ ಗ್ಯಾರಂಟಿ ಇರುತ್ತದೆ. ಹಲವು ಸಲ ಮನೆಯ ಪತ್ರವೂ ಬ್ಯಾಂಕಿನಲ್ಲಿರುತ್ತದೆ. ಎಂಡಿ ಸ್ಥಾನ ಬಿಟ್ಟ ಮಾತ್ರಕ್ಕೆ ಗ್ಯಾರಂಟಿ ಕಳೆಯುವುದಿಲ್ಲ. ಬ್ಯಾಂಕ್ ಲಿಖಿತವಾಗಿ ಬಿಡುಗಡೆ ಕೊಡಬೇಕು. ಅದಕ್ಕೆ ಅವರು ಹೊಸಬರ ಗ್ಯಾರಂಟಿ ಕೇಳುತ್ತಾರೆ. ಹೊಸಬರು ಅದಕ್ಕೆ ತಯಾರಿದ್ದಾರಾ ಅಂತ ಮೊದಲೇ ಕೇಳಿ. ಸಂಬಳಕ್ಕೆ ಬಂದ ಮ್ಯಾನೇಜರ್ ತನ್ನ ಮನೆ ಅಡವಿಡುವುದಿಲ್ಲ. ಅದು ನ್ಯಾಯವೂ ಅಲ್ಲ.

ಹೆಜ್ಜೆ 4: ಹೆಸರಿಗಿಂತ ಮೊದಲು ಕೆಲಸ

ಮುಂದಿನ ಹತ್ತು ವರ್ಷ ಕಂಪನಿಗೆ ಯಾವ ಥರದವರು ಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಇದಕ್ಕೆ ಒಂದು ಮಧ್ಯಾಹ್ನ ಸಾಕು. ಶುರು ಮಾಡಿದವರಿಗೆ ಬೇಕಿದ್ದ ಗುಣಗಳು ಮುಂದಿನವರಿಗೂ ಬೇಕು ಅಂತಿಲ್ಲ. ಯಜಮಾನರು ಮಷೀನಿನ ಸದ್ದು ಕೇಳಿ ಬೇರಿಂಗ್ ಹೋಗಿದೆ ಅನ್ನುತ್ತಿದ್ದರು. ಮುಂದಿನವರಿಗೆ ಅದು ಬರದಿದ್ದರೂ ನಡೆಯುತ್ತದೆ, ಹಾಗೆ ಹೇಳಬಲ್ಲವರನ್ನು ಉಳಿಸಿಕೊಳ್ಳುವುದು ಗೊತ್ತಿದ್ದರೆ ಸಾಕು. ವಿದೇಶದ ಗಿರಾಕಿಗಳು ಬರುತ್ತಿದ್ದರೆ ಗುಣಮಟ್ಟದ ದಾಖಲೆ, ಆಡಿಟ್, ಇಮೇಲ್ ಇವೆಲ್ಲ ಬೇಕು. ಎಲೆಕ್ಟ್ರಿಕ್ ವಾಹನದಿಂದ ನಿಮ್ಮ ಎಂಜಿನ್ ಪಾರ್ಟಿನ ಕೆಲಸ ಕಡಿಮೆಯಾಗುತ್ತಿದ್ದರೆ ಹೊಸ ಕೆಲಸ ಹುಡುಕುವ ಧೈರ್ಯ ಬೇಕು. ಹಾಳೆಯಲ್ಲಿ ಯಾರ ಹೆಸರೂ ಬರಬಾರದು. ಹೆಸರು ಮೊದಲು ಬಂದರೆ, ಆ ಹೆಸರಿಗೆ ತಕ್ಕಂತೆ ಗುಣಗಳನ್ನು ಬರೆಯುತ್ತೇವೆ.

ಹೆಜ್ಜೆ 5: ಯಾರು?

ಮೂರು ಕಡೆ ನೋಡಬಹುದು. ಮನೆ, ಕಂಪನಿಯ ಒಳಗೆ, ಹೊರಗೆ. ಮೂರನ್ನೂ ನಿಜವಾಗಿ ನೋಡಿ.

ಮಕ್ಕಳನ್ನು ಮೊದಲು ಕೇಳಿ. ನೇರವಾಗಿ ಕೇಳಿ. ವೈಟ್‌ಫೀಲ್ಡಿನಲ್ಲೋ ಮಾನ್ಯತಾದಲ್ಲೋ ಕೆಲಸ ಮಾಡುವ ಮಗ ಒಂದು ದಿನ ಬಂದೇ ಬರುತ್ತಾನೆ ಅಂತ ಅಪ್ಪ ನಂಬಿರುತ್ತಾರೆ. ಅಪ್ಪನಿಗೆ ಹೇಗೆ ಹೇಳುವುದು ಅಂತ ಮಗ ಹಿಂಜರಿಯುತ್ತಿರುತ್ತಾನೆ. ಇಬ್ಬರೂ ಹತ್ತು ವರ್ಷ ಬಾಯಿ ಬಿಡುವುದಿಲ್ಲ. 'ಬೇಡ' ಅನ್ನುವ ಉತ್ತರ ಬಂದರೂ ಅದು ಒಳ್ಳೆಯದೇ, ಬೇಗ ಗೊತ್ತಾಯಿತಲ್ಲ. ಬರುತ್ತೇನೆ ಅಂದರೆ, ಮೊದಲು ಬೇರೆಯವರ ಕಂಪನಿಯಲ್ಲಿ ಮೂರು ನಾಲ್ಕು ವರ್ಷ ದುಡಿದು ಬರಲಿ. ಅಲ್ಲಿ ತಪ್ಪು ಮಾಡಿದರೆ ಬೈಯುವವರು ಇರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಅಳೆಯುವ ಕೆಲಸ ಅಪ್ಪನೊಬ್ಬನಿಗೇ ಬೇಡ. ಆಡಿಟರ್, ನಿವೃತ್ತ ಬ್ಯಾಂಕ್ ಮ್ಯಾನೇಜರ್, ನಂಬಿಕೆಯ ಇನ್ನೊಬ್ಬ ಉದ್ಯಮಿ, ಹೀಗೆ ಹೊರಗಿನ ಇಬ್ಬರ ಮಾತು ಕೇಳಿ.

ಕಂಪನಿಯ ಒಳಗಿನವರಲ್ಲಿ ಗದ್ದಲ ಮಾಡದೆ ಕೆಲಸ ಮಾಡುವವರನ್ನು ಗಮನಿಸಿ. ಯಜಮಾನರು ಊರಲ್ಲಿ ಇಲ್ಲದ ದಿನ ಶಾಪ್ ಫ್ಲೋರಿನ ಜನ ಯಾರ ಹತ್ತಿರ ಹೋಗಿ ಕೇಳುತ್ತಾರೆ? ಆ ಹೆಸರು ಮುಖ್ಯ.

ಬೆಂಗಳೂರಿನ ದೊಡ್ಡ ಕಂಪನಿಗಳಿಂದಲೂ ಕಲಿಯುವುದಿದೆ. ಇನ್ಫೋಸಿಸ್ ಶುರುವಾದದ್ದು 1981ರಲ್ಲಿ, ಏಳು ಜನರಿಂದ. ನಾರಾಯಣ ಮೂರ್ತಿಯವರ ನಂತರ 2002ರಲ್ಲಿ ನಂದನ್ ನಿಲೇಕಣಿ, 2007ರಲ್ಲಿ ಕ್ರಿಸ್ ಗೋಪಾಲಕೃಷ್ಣನ್, 2011ರಲ್ಲಿ ಶಿಬುಲಾಲ್ ಸಿಇಒ ಆದರು. ಎಲ್ಲರೂ ಸ್ಥಾಪಕರೇ. ಹೊರಗಿನಿಂದ ಮೊದಲ ಸಿಇಒ ಆಗಿ ವಿಶಾಲ್ ಸಿಕ್ಕಾ ಬಂದದ್ದು 2014ರಲ್ಲಿ. 2017ರ ಆಗಸ್ಟಿನಲ್ಲಿ ಅವರು ರಾಜೀನಾಮೆ ಕೊಟ್ಟಾಗ ಒಳಗಿನ ಹಿರಿಯರಾದ ಪ್ರವೀಣ್ ರಾವ್ ತಾತ್ಕಾಲಿಕವಾಗಿ ಹೊಣೆ ಹೊತ್ತರು. ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಬಂದರು. ನನಗೆ ಇದರಲ್ಲಿ ಕಾಣುವುದು ಮಧ್ಯದ ಆ ನಾಲ್ಕೂವರೆ ತಿಂಗಳು. ಆ ದಿನವೇ ಕುರ್ಚಿಯಲ್ಲಿ ಕೂರಬಲ್ಲ ಒಬ್ಬರು ಒಳಗೆ ಇದ್ದರು. ಹಾಗಾಗಿ ಕಾಯಂ ಆಯ್ಕೆಗೆ ಸಮಯ ಸಿಕ್ಕಿತು. ಸಣ್ಣ ಕಂಪನಿಯಲ್ಲೂ ಎರಡು ಹೆಸರು ಬೇಕು: ಮೂರು ವರ್ಷದಲ್ಲಿ ತಯಾರಾಗುವವರು ಒಬ್ಬರು, ನಾಳೆಯೇ ಹಿಡಿದು ನಿಲ್ಲುವವರು ಒಬ್ಬರು. ಎರಡೂ ಒಬ್ಬರೇ ಆಗಿರಬೇಕಿಲ್ಲ.

ಹೆಜ್ಜೆ 6: ಬೆಳೆಸುವುದು

ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿಕೊಂಡರೆ ಯಾರೂ ಕಲಿಯುವುದಿಲ್ಲ. ಪೂರ್ತಿ ಒಂದು ವಿಭಾಗ ಕೊಡಿ. ಅದರ ಲಾಭ ನಷ್ಟ ಅವರದೇ ಲೆಕ್ಕವಾಗಲಿ. ನಷ್ಟವಾದರೂ ಕಂಪನಿ ತಡೆದುಕೊಳ್ಳುವಷ್ಟು ಚಿಕ್ಕದಿರಲಿ, ನಷ್ಟವಾದರೆ ನಿದ್ದೆ ಕೆಡುವಷ್ಟು ದೊಡ್ಡದಿರಲಿ.

ನೋಟ್‌ಬುಕ್ಕಿನ ಆ 67 ವರ್ಷದ ಯಜಮಾನರಿಗೆ ಒಬ್ಬಳೇ ಮಗಳು. ಐಟಿ ಕೆಲಸ ಬಿಟ್ಟು ಬಂದಿದ್ದಳು. ಅಲ್ಲಿನ ಹಳೇ ಫೋರ್‌ಮನ್ ಅವಳನ್ನು ಫ್ರಾಕ್ ಹಾಕಿಕೊಂಡು ಆಯುಧಪೂಜೆಗೆ ಬರುತ್ತಿದ್ದ ಕಾಲದಿಂದ ನೋಡಿದವರು. 'ಪುಟ್ಟಮ್ಮ' ಅಂತಲೇ ಕರೆಯುತ್ತಿದ್ದರು. ಪ್ರೀತಿಯಿಂದಲೇ. ಆದರೆ ಅವಳು ಮಷೀನಿನ ಪ್ರೋಗ್ರಾಂ ಬದಲಾಯಿಸಿ ಅಂದರೆ, 'ಅಪ್ಪಾಜಿ ಹತ್ರ ಒಂದ್ಮಾತು ಕೇಳಿ ಮಾಡ್ತೀನಿ ಪುಟ್ಟಮ್ಮ' ಅಂದು ಯಜಮಾನರ ಕ್ಯಾಬಿನ್ನಿಗೆ ಹೋಗುತ್ತಿದ್ದರು. ಮೊದಲ ಎರಡು ತಿಂಗಳು ಯಜಮಾನರೂ ಉತ್ತರ ಕೊಟ್ಟುಬಿಡುತ್ತಿದ್ದರು. ನಲವತ್ತು ವರ್ಷದ ಅಭ್ಯಾಸ ಅದು. ಒಂದು ದಿನ ನಾನು ಅಲ್ಲೇ ಇದ್ದೆ. ಫೋರ್‌ಮನ್ ಡ್ರಾಯಿಂಗ್ ಹಿಡಿದು ಬಂದರು. ಯಜಮಾನರು ಡ್ರಾಯಿಂಗ್ ಕೈಗೆ ತೆಗೆದುಕೊಂಡರು, ನೋಡಿದರು, ಉತ್ತರ ಬಾಯಿಗೆ ಬಂದಿತ್ತು ಅಂತ ಕಾಣುತ್ತಿತ್ತು. ಹಾಗೇ ಮಡಚಿ ವಾಪಸ್ ಕೊಟ್ಟರು. 'ಮೇಡಂನ ಕೇಳಿ' ಅಂದರು. ಮಗಳನ್ನು ಅವರು ಹಾಗೆ ಕರೆದದ್ದು ಅವತ್ತೇ ಮೊದಲು. ಫೋರ್‌ಮನ್ ಒಂದು ಕ್ಷಣ ನಿಂತು, ಶೆಡ್ಡಿನ ಕಡೆ ತಿರುಗಿದರು. ಅಧಿಕಾರ ಕೈ ಬದಲಾಯಿಸಿದ್ದು ಅಲ್ಲಿ. ಬೋರ್ಡ್ ನಿರ್ಣಯ ಅದಾಗಿ ಎರಡು ವರ್ಷದ ಮೇಲೆ ಆಯಿತು.

ಗಿರಾಕಿಗಳ ವಿಷಯಕ್ಕೂ ಇದೇ ದಾರಿ. ಮೊದಲ ಭೇಟಿಯಲ್ಲಿ ಯಜಮಾನರು ಮಾತಾಡಲಿ, ಮುಂದಿನವರು ಜೊತೆ ಇರಲಿ. ಎರಡನೇ ಭೇಟಿಯಲ್ಲಿ ಮುಂದಿನವರು ಮಾತಾಡಲಿ, ಯಜಮಾನರು ಜೊತೆ ಇರಲಿ. ಮೂರನೇ ಸಲ ಯಜಮಾನರು ಹೋಗಲೇಬಾರದು. ಬ್ಯಾಂಕಿಗೂ, ಸ್ಟೀಲ್ ಅಂಗಡಿಗೂ ಹೀಗೇ. ರೇಟು ಹಾಕುವ ಲೆಕ್ಕವನ್ನು ಒಂದು ಎಕ್ಸೆಲ್ ಶೀಟಿಗೆ ಇಳಿಸಿ. ತಲೆಲೆಕ್ಕದಲ್ಲಿ ಸೇರಿಕೊಂಡಿರುವ 'ಈ ಗಿರಾಕಿ ತಡವಾಗಿ ಕೊಡುತ್ತಾನೆ, ಎರಡು ಪರ್ಸೆಂಟ್ ಜಾಸ್ತಿ' ಅನ್ನುವಂಥದ್ದೂ ಅದರಲ್ಲಿ ಬರಲಿ.

ಹೆಜ್ಜೆ 7: ಯಜಮಾನರು ರಜೆ ಹಾಕಲಿ

ಪರೀಕ್ಷೆ ಇದೇ. ಮೊದಲ ವರ್ಷ ಒಂದು ವಾರ. ಎರಡನೇ ವರ್ಷ ಎರಡು ವಾರ, ಅದೂ ತಿಂಗಳ ಕೊನೆ ಮತ್ತು ಮುಂದಿನ ತಿಂಗಳ ಮೊದಲ ವಾರ ಸೇರುವ ಹಾಗೆ, ಯಾಕೆಂದರೆ ಬಿಲ್ಲಿಂಗ್, ಸಂಬಳ, ತೆರಿಗೆ ಎಲ್ಲಾ ಬರುವುದು ಆಗಲೇ. ಮೂರನೇ ವರ್ಷ ಆರು ವಾರ. ಫೋನ್ ಮಾಡುವಂತಿಲ್ಲ. ಜೀವಕ್ಕೆ ಅಪಾಯ, ಬೆಂಕಿ ಅನಾಹುತ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ.

ಯಜಮಾನರು ಧರ್ಮಸ್ಥಳಕ್ಕೆ ಹೋಗಲಿ, ಊರಿನ ತೋಟಕ್ಕೆ ಹೋಗಲಿ. ಕಂಪನಿಯಲ್ಲಿ ಇನ್ನೊಂದು ನೋಟ್‌ಬುಕ್ ಇರಲಿ. ಎಲ್ಲಿ ತಡೆಯಿತು, ಯಾಕೆ ತಡೆಯಿತು, ಅಷ್ಟೇ ಬರೆಯಿರಿ. ಮೇಲಿನ ಕಂಪನಿಯಲ್ಲಿ ಮೊದಲ ಎರಡು ವಾರದ ರಜೆಯಲ್ಲಿ ತಡೆದದ್ದು ಒಂದೇ. ಸ್ಟೀಲ್‌ನವರು ಮಗಳ ಹತ್ತಿರ ಅರ್ಧ ಹಣ ಮುಂಗಡ ಕೇಳಿದರು. ಅಪ್ಪನಿಗೆ 45 ದಿನ ಸಾಲ ಕೊಡುತ್ತಿದ್ದವರು! ಅವಳು ಅಪ್ಪನಿಗೆ ಫೋನ್ ಮಾಡಲಿಲ್ಲ. ಅರ್ಧ ಕೊಟ್ಟು ಮಾಲು ತಂದಳು. ಉಳಿದ ಅರ್ಧವನ್ನು ಹೇಳಿದ ದಿನಕ್ಕೆ ಸರಿಯಾಗಿ ಕಳಿಸಿದಳು. ಮುಂದಿನ ಮೂರು ಸಲವೂ ಹಾಗೇ ಮಾಡಿದಳು. ಅದರ ನಂತರದ ಸಲ ಅವರು ಮುಂಗಡ ಕೇಳಲಿಲ್ಲ. ಅಪ್ಪ ಅಲ್ಲಿ ಇದ್ದಿದ್ದರೆ ಒಂದು ಫೋನಿನಲ್ಲಿ ಮುಗಿಸುತ್ತಿದ್ದರು, ಆದರೆ ಅವಳಿಗೆ ಅವಳದೇ ಸಾಲ ಹುಟ್ಟುತ್ತಿರಲಿಲ್ಲ.

ಹೆಜ್ಜೆ 8: ಹೇಳುವ ಕ್ರಮ

ಹೆಸರು ಗಟ್ಟಿಯಾದ ಮೇಲೆ, ಆಯ್ಕೆಯಾಗದವರಿಗೆ ಮೊದಲು ಹೇಳಿ. ಅವರು ಬೇರೆಯವರ ಬಾಯಿಂದ ಕೇಳಬಾರದು. ಹದಿನೆಂಟು ವರ್ಷ ದುಡಿದ ಮ್ಯಾನೇಜರ್‌ಗೆ ಅದು ನೋವಿನ ದಿನ. ಒಬ್ಬರನ್ನೇ ಕೂರಿಸಿಕೊಂಡು, ಯಾಕೆ ಅಂತ ನೇರವಾಗಿ ಹೇಳಿ. ಅವರಿಗೆ ಏನು ಕೊಡಬಲ್ಲಿರಿ ಅನ್ನುವುದನ್ನು ಮೊದಲೇ ತೀರ್ಮಾನಿಸಿ ಹೋಗಿ: ಡೈರೆಕ್ಟರ್ ಸ್ಥಾನವೋ, ಲಾಭದಲ್ಲಿ ಪಾಲೋ, ಒಂದು ಘಟಕದ ಪೂರ್ತಿ ಹೊಣೆಯೋ. ಬಾಯಿಮಾತಿನ ಸಮಾಧಾನ ಸಾಲದು. ಅವರು ಬಿಟ್ಟು ಹೋದರೆ ಅವರ ಜೊತೆ ಇನ್ನೂ ನಾಲ್ಕು ಜನ ಹೋಗುತ್ತಾರೆ.

ಆಮೇಲೆ ಮೇಲ್ವಿಚಾರಕರು, ಬ್ಯಾಂಕು, ಮುಖ್ಯ ಗಿರಾಕಿಗಳು, ಕೊನೆಗೆ ಎಲ್ಲಾ ಕೆಲಸಗಾರರು. ಇದೆಲ್ಲ ಒಂದು ವಾರದೊಳಗೆ ಮುಗಿಯಲಿ. ಪೀಣ್ಯದಲ್ಲಿ ಸುದ್ದಿ ಟೀ ಅಂಗಡಿಯಿಂದ ಟೀ ಅಂಗಡಿಗೆ ಅರ್ಧ ದಿನದಲ್ಲಿ ಮುಟ್ಟುತ್ತದೆ.

ಹೆಜ್ಜೆ 9: ದಿನ ಗೊತ್ತು ಮಾಡಿ, ಜಾಗ ಬಿಡಿ

ತಾರೀಖು ಇಲ್ಲದ ನಿವೃತ್ತಿ ನಡೆಯುವುದಿಲ್ಲ. ವಿಪ್ರೋದ ಅಜೀಂ ಪ್ರೇಮ್‌ಜಿಯವರ ಬದುಕಿನಲ್ಲಿ ಎರಡೂ ಥರದ ಕೈ ಬದಲಾವಣೆ ಇದೆ. 1966ರಲ್ಲಿ ತಂದೆ ಇದ್ದಕ್ಕಿದ್ದಂತೆ ತೀರಿಕೊಂಡಾಗ ಅವರಿಗೆ 21 ವರ್ಷ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದವರು ಅರ್ಧಕ್ಕೇ ಬಿಟ್ಟು ಬಂದು ಕಂಪನಿ ಹಿಡಿದರು. ತಾವು ಬಿಡುವಾಗ ಹಾಗಾಗಲಿಲ್ಲ. 2019ರ ಜೂನ್‌ನಲ್ಲೇ ಪ್ರಕಟಿಸಿ, ಜುಲೈ ಕೊನೆಗೆ ಕಾರ್ಯನಿರ್ವಾಹಕ ಅಧ್ಯಕ್ಷ ಸ್ಥಾನವನ್ನು ಮಗ ರಿಷದ್ ಪ್ರೇಮ್‌ಜಿಯವರಿಗೆ ಬಿಟ್ಟರು. ರಿಷದ್ 2007ರಿಂದಲೇ ಕಂಪನಿಯೊಳಗೆ ಕೆಲಸ ಮಾಡುತ್ತಿದ್ದರು.

ಬಿಟ್ಟ ಮೇಲೆ ಯಜಮಾನರು ಎಲ್ಲಿ ಕೂರಬೇಕು ಅನ್ನುವುದು ಸಣ್ಣ ವಿಷಯ ಅನಿಸಬಹುದು. ಸಣ್ಣದಲ್ಲ. ಹಳೇ ಕ್ಯಾಬಿನ್ನಿನಲ್ಲೇ ಕೂತರೆ ಜನ ಅಲ್ಲಿಗೇ ಹೋಗುತ್ತಾರೆ. ಬೇರೆ ಕೋಣೆ, ವಾರಕ್ಕೆ ಎರಡು ದಿನ, ಕೇಳಿದಾಗ ಮಾತ್ರ ಸಲಹೆ. ಅವರಿಗೂ ಒಂದು ಕೆಲಸ ಬೇಕು. ನಲವತ್ತು ವರ್ಷ ಬೆಳಿಗ್ಗೆ ಎಂಟಕ್ಕೆ ಗೇಟು ದಾಟಿದವರನ್ನು ಸುಮ್ನೆ ಮನೆಯಲ್ಲಿ ಕೂರಿ ಅನ್ನುವುದು ಕ್ರೂರ. ಐಟಿಐ ಹುಡುಗರಿಗೆ ಕಲಿಸುವುದು, ಹೊಸ ಮಷೀನು ನೋಡಿ ಬರುವುದು, ಉದ್ಯಮಿಗಳ ಸಂಘದ ಕೆಲಸ, ಯಾವುದು ಇಷ್ಟವೋ ಅದನ್ನು ಬಿಡುವ ದಿನಕ್ಕೆ ಮೊದಲೇ ಶುರು ಮಾಡಿಸಿ. ಅವರ ಮುಂದಿನ ಖರ್ಚಿಗೆ ಕಂಪನಿಯ ಲಾಭವನ್ನೇ ನಂಬಬೇಕಾಗದ ಹಾಗೆ ಸ್ವಲ್ಪ ಹಣ ಬೇರೆ ಇರಲಿ. ದುಡ್ಡಿನ ಭಯ ಇದ್ದವರು ಕುರ್ಚಿ ಬಿಡುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಆ ವಾರ ಕಾಗದದ ಕೆಲಸ ತುಂಬಾ ಇರುತ್ತದೆ: ಬೋರ್ಡ್ ನಿರ್ಣಯ, ಡಿಐಆರ್-12, ಬ್ಯಾಂಕಿನ ಸಹಿ ಬದಲಾವಣೆ, ಜಿಎಸ್‌ಟಿ, ಕಾರ್ಖಾನೆ ಲೈಸೆನ್ಸಿನಲ್ಲಿರುವ ಹೆಸರು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ಶೆಡ್ಡಿನ ಲೀಸ್. ಆಡಿಟರ್ ಜೊತೆ ಪಟ್ಟಿ ಮಾಡಿ ಟಿಕ್ ಹಾಕುತ್ತಾ ಹೋಗಿ.

ಕಾನೂನಿನ ಎರಡು ಮಾತು. ಎಂಡಿಯನ್ನು ಒಂದು ಸಲಕ್ಕೆ 5 ವರ್ಷಕ್ಕಿಂತ ಹೆಚ್ಚು ಅವಧಿಗೆ ನೇಮಿಸುವಂತಿಲ್ಲ. 70 ದಾಟಿದವರು ಆ ಸ್ಥಾನದಲ್ಲಿ ಮುಂದುವರಿಯಲು ಷೇರುದಾರರ ವಿಶೇಷ ನಿರ್ಣಯ ಬೇಕು. ಇದು 2013ರ ಕಂಪನಿ ಕಾಯ್ದೆಯಲ್ಲಿದೆ. ಷೇರುಪೇಟೆಯಲ್ಲಿ ಇರುವ ಕಂಪನಿಗಳಿಗೆ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮ ಇನ್ನೂ ಬಿಗಿ. ಬೋರ್ಡಿನ ಮತ್ತು ಹಿರಿಯ ಅಧಿಕಾರಿಗಳ ಉತ್ತರಾಧಿಕಾರಕ್ಕೆ ಯೋಜನೆ ಇದೆ ಅಂತ ಬೋರ್ಡೇ ಖಾತ್ರಿ ಮಾಡಿಕೊಳ್ಳಬೇಕು. ಸಿಇಒ ಅಥವಾ ಎಂಡಿ ಸ್ಥಾನ ಖಾಲಿಯಾದರೆ ಸಾಮಾನ್ಯವಾಗಿ 3 ತಿಂಗಳೊಳಗೆ ತುಂಬಬೇಕು.

ಪ್ರತಿ ವರ್ಷ ಒಂದು ದಿನ

ಆಯುಧಪೂಜೆಗೆ ಹೇಗೂ ಮಷೀನು ತೊಳೆದು, ಶೆಡ್ಡು ಗುಡಿಸಿ, ಎಲ್ಲರೂ ಸೇರುತ್ತಾರೆ. ಅದರ ಹಿಂದಿನ ವಾರ ಒಂದು ಮಧ್ಯಾಹ್ನ ಮೀಸಲಿಡಿ. ಆ ಎರಡು ಹಾಳೆಯ ಕವರ್ ತೆಗೆದು ಓದಿ. ನಂಬರುಗಳು ಸರಿಯಿವೆಯಾ, ಸಹಿದಾರರು ಇನ್ನೂ ಕಂಪನಿಯಲ್ಲಿದ್ದಾರಾ, ಡಿಜಿಟಲ್ ಸಹಿಯ ಅವಧಿ ಇದೆಯಾ, 'ನಾಳೆಯೇ ನಿಲ್ಲುವವರು' ಅಂತ ಬರೆದ ಹೆಸರು ಈಗಲೂ ಅದೇನಾ ಅಂತ ನೋಡಿ. ಮುಖ್ಯವಾದದ್ದು, ಎರಡನೇ ಸಹಿದಾರರಿಂದ ಆ ತಿಂಗಳ ಸಂಬಳವನ್ನು ಒಂದು ಸಲ ನಿಜವಾಗಿಯೂ ಹಾಕಿಸಿ. ಯಜಮಾನರ ಫೋನು ಆ ಹೊತ್ತು ಮನೆಯಲ್ಲೇ ಇರಲಿ.